ಹೆರಿಂಗ್ ಎಲ್ಲಿದೆಯೋ ತಿಮಿಂಗಿಲ ಅಲ್ಲಿದೆ: ಚಳಿಗಾಲದಲ್ಲಿ ಉತ್ತರ ನಾರ್ವೆಗೆ ಹೊರಡುವವರಿಗೆ

ನಾರ್ದರ್ನ್ ಲೈಟ್ಸ್ ನೋಡಲು ಉತ್ತರ ನಾರ್ವೆಯ ಟ್ರೊಮ್ಸೊ ಊರಿಗೆ ಹೊರಟವರು ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿಕೊಳ್ಳುತ್ತಾರೆ: "ಒಂದು ದಿನ ತಿಮಿಂಗಿಲ." ಈ ಲೇಖನ ಆ ಸಾಲನ್ನೇ ಮೊದಲು ಬರೆದುಕೊಳ್ಳುವವರಿಗೆ. ಆಕಾಶದ ಬೆಳಕು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಯಾವತ್ತಾದರೂ ಕಾಣಬಹುದು. ತಿಮಿಂಗಿಲ ಹಾಗಲ್ಲ. ತಿಂಗಳು, ಊರು, ದೋಣಿ ಮೂರೂ ಹೊಂದಬೇಕು. ಈ ಮೂರನ್ನೂ ನಿರ್ಧರಿಸುವುದು ಒಂದು ಸಣ್ಣ ಮೀನು.

ಆ ಮೀನೇ ಹೆರಿಂಗ್. ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಬೇಸಿಗೆಯೆಲ್ಲ ನಡುಸಮುದ್ರದಲ್ಲಿ ತಿಂದು ಕೊಬ್ಬಿದ ಹೆರಿಂಗ್ ಹಿಂಡುಗಳು ಚಳಿಗಾಲ ಕಳೆಯಲು ಉತ್ತರ ನಾರ್ವೆಯ ದಡಕ್ಕೆ ಬರುತ್ತವೆ. ಬೆಟ್ಟಗಳ ನಡುವೆ ಉದ್ದಕ್ಕೆ ಒಳನುಗ್ಗಿರುವ ಫಿಯೋರ್ಡ್‌ಗಳ ನೀರಿನಲ್ಲಿ ಗುಂಪುಗೂಡುತ್ತವೆ. ಅವುಗಳ ಬೆನ್ನಿಗೇ ಓರ್ಕಾ ಮತ್ತು ಹಂಪ್‌ಬ್ಯಾಕ್ ಎಂಬ ತಿಮಿಂಗಿಲಗಳು ಬರುತ್ತವೆ. ಅದೃಷ್ಟವಿದ್ದರೆ ಇಪ್ಪತ್ತು ಮೀಟರ್ ದಾಟುವ ಫಿನ್ ತಿಮಿಂಗಿಲವೂ ಸಿಗುತ್ತದೆ. ವರ್ಷದ ಕೊನೆ ಕಳೆಯುತ್ತಿದ್ದಂತೆ ಹೆರಿಂಗ್ ಮೊಟ್ಟೆಯಿಡಲು ದಕ್ಷಿಣಕ್ಕೆ ಹೊರಡುತ್ತದೆ. ಹೊಟ್ಟೆ ತುಂಬಿದ ಹಂಪ್‌ಬ್ಯಾಕ್‌ಗಳು ಮರಿ ಹಾಕಲು ಕೆರಿಬಿಯನ್ ಕಡೆಯ ಬೆಚ್ಚಗಿನ ನೀರಿಗೆ ಹೋಗುತ್ತವೆ. ಅಲ್ಲಿಗೆ ಆ ವರ್ಷದ ಊಟ ಮುಗಿಯಿತು.

ಮೊದಲು ಊರು ಗೊತ್ತುಮಾಡಿಕೊಳ್ಳಿ

ಹಳೇ ಬ್ಲಾಗು, ಹಳೇ ವಿಡಿಯೋ ನಂಬಿ ಬುಕ್ ಮಾಡಬೇಡಿ. ಹೆರಿಂಗ್ ತನ್ನ ಚಳಿಗಾಲದ ಮನೆಯನ್ನು ಆಗಾಗ ಬದಲಿಸುತ್ತದೆ. 1990ರ ದಶಕದಲ್ಲಿ ಓರ್ಕಾ ನೋಡಲು ಜನ ಹೋಗುತ್ತಿದ್ದದ್ದು ದಕ್ಷಿಣದ ಟೀಸ್‌ಫಿಯೋರ್ಡ್‌ಗೆ. ಆಮೇಲೆ ಹಿಂಡು ಜಾಗ ಬಿಟ್ಟಿತು. 2010ರ ದಶಕದ ಮೊದಲ ವರ್ಷಗಳಲ್ಲಿ ಟ್ರೊಮ್ಸೊದ ಪಕ್ಕದಲ್ಲೇ ಇರುವ ಕಾಲ್ಡ್‌ಫಿಯೋರ್ಡ್‌ಗೆ ಬಂತು. ಆಗ ಟ್ರೊಮ್ಸೊದಿಂದ ಅರ್ಧ ಗಂಟೆ ಕಾರಿನಲ್ಲಿ ಹೋಗಿ ರಸ್ತೆ ಬದಿ ನಿಂತೇ ತಿಮಿಂಗಿಲ ನೋಡಬಹುದಿತ್ತು. ನೀವು ನೋಡಿರುವ ಎಷ್ಟೋ ಫೋಟೋಗಳು ಆ ಕಾಲದವು. 2017ರ ಹೊತ್ತಿಗೆ ಹೆರಿಂಗ್ ಇನ್ನೂ ಉತ್ತರಕ್ಕೆ, ಕ್ವೆನಾಂಗೆನ್ ಫಿಯೋರ್ಡ್ ಕಡೆಗೆ ಸರಿಯಿತು. ಅದರ ಬಾಯಿಯ ಹತ್ತಿರದ ದ್ವೀಪದ ಊರು ಶೆರ್ವೊಯ್. ಮೂರು ಸಾವಿರದೊಳಗಿನ ಜನ, ಒಂದು ಮೀನು ಬಂದರು, ಕೆಲವೇ ಅಂಗಡಿಗಳು. ಈಗ ಚಳಿಗಾಲದ ತಿಮಿಂಗಿಲ ದೋಣಿಗಳಿಗೆಲ್ಲ ಈ ಊರೇ ಕೇಂದ್ರ.

ಇಲ್ಲಿಯೂ ಹಿಂಡು ಕದಲದೆ ಕೂತಿರುತ್ತದೆ ಅಂತಲ್ಲ. ಕೆಲವು ಸಲ ಇನ್ನೂ ಉತ್ತರದ ಲೊಪ್ಪಾ ಕಡೆಗೆ ಹೋಗುವುದುಂಟು. ಹಾಗಾಗಿ ಬುಕ್ ಮಾಡುವ ಮುನ್ನ ದೋಣಿಯವರಿಗೆ ಒಂದು ಮೇಲ್ ಹಾಕಿ, ನೇರವಾಗಿ ಕೇಳಿ: "ಕಳೆದ ಚಳಿಗಾಲದಲ್ಲಿ ತಿಮಿಂಗಿಲ ಎಲ್ಲಿ ಸಿಕ್ಕಿತು? ಬಂದರಿನಿಂದ ಅಲ್ಲಿಗೆ ಎಷ್ಟು ಹೊತ್ತು?" ಸರಿಯಾದವರು ಜಾಗದ ಹೆಸರು ಹೇಳಿ ಉತ್ತರಿಸುತ್ತಾರೆ. "ನೂರಕ್ಕೆ ನೂರು ಗ್ಯಾರಂಟಿ" ಅನ್ನುವವರನ್ನು ಬಿಟ್ಟುಬಿಡಿ.

ಯಾವ ವಾರ?

ಋತು ಹೆಚ್ಚುಕಡಿಮೆ ನವೆಂಬರ್ ಮೊದಲಿಂದ ಜನವರಿ ಮಧ್ಯದವರೆಗೆ. ಆದರೆ ಈ ಎರಡೂವರೆ ತಿಂಗಳು ಒಂದೇ ಥರ ಇರುವುದಿಲ್ಲ.

ಟ್ರೊಮ್ಸೊ ಸುಮಾರು 69.6 ಡಿಗ್ರಿ ಉತ್ತರದಲ್ಲಿದೆ, ಶೆರ್ವೊಯ್ 70ರಲ್ಲಿ. ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಹಾಗಂತ ಇಡೀ ದಿನ ಕಗ್ಗತ್ತಲೆಯಲ್ಲ. ಸೂರ್ಯ ದಿಗಂತದ ಸ್ವಲ್ಪ ಕೆಳಗೇ ಹಾದುಹೋಗುವುದರಿಂದ ನಡುಹಗಲಿನಲ್ಲಿ ಮೂರ್ನಾಲ್ಕು ಗಂಟೆ ನೀಲಿ, ಗುಲಾಬಿ ಮಬ್ಬು ಬೆಳಕು ಇರುತ್ತದೆ. ಮೋಡವಿದ್ದರೆ ಅದೂ ಬೂದು. ದೋಣಿಗಳ ಸಮಯವೆಲ್ಲ ಈ ಸಣ್ಣ ಕಿಟಕಿಯ ಸುತ್ತ ನಿಂತಿದೆ.

ನನ್ನ ಆಯ್ಕೆ ನವೆಂಬರ್‌ನ ಮಧ್ಯಭಾಗ. ಹಿಂಡುಗಳು ಬಂದಿರುತ್ತವೆ, ಸೂರ್ಯ ಇನ್ನೂ ದಿಗಂತದ ಮೇಲೆ ಇಣುಕುತ್ತಾನೆ, ಫೋಟೋಗೆ ಬೆಳಕು ಸಿಗುತ್ತದೆ. ಕ್ರಿಸ್ಮಸ್ ರಜೆಯ ಗಿರಾಕಿಯೂ ಇರುವುದಿಲ್ಲ. ಆ ನೀಲಿ ಮಬ್ಬೇ ಬೇಕು, ಹಿಮ ತುಂಬಿದ ಬೆಟ್ಟವೇ ಬೇಕು ಅಂದರೆ ಡಿಸೆಂಬರ್ ಮೊದಲ ಎರಡು ವಾರ. ಜನವರಿಯಲ್ಲಿ ಹೋಗುವುದು ಜೂಜು. ಹೆರಿಂಗ್ ಬೇಗ ಹೊರಟುಬಿಟ್ಟರೆ ಖಾಲಿ ನೀರು ನೋಡಿ ಬರಬೇಕಾಗುತ್ತದೆ.

ದೋಣಿ: ಇಲ್ಲಿ ಸಮಯ ಕೊಟ್ಟು ಯೋಚಿಸಿ

ಮೂರು ಬಗೆಯ ಪ್ರಯಾಣಗಳಿವೆ.

ಮೊದಲನೆಯದು ಟ್ರೊಮ್ಸೊದಿಂದ ಹೊರಡುವ ದೊಡ್ಡ ದೋಣಿ. ಒಳಗೆ ಬೆಚ್ಚಗಿರುತ್ತದೆ, ಶೌಚಾಲಯವಿದೆ, ಕಾಫಿ ಸಿಗುತ್ತದೆ. ಹೋಗಲು ಮೂರು ಗಂಟೆಗೂ ಜಾಸ್ತಿ, ಬರಲು ಅಷ್ಟೇ. ನಡುವೆ ತಿಮಿಂಗಿಲದ ಜೊತೆ ಸಿಗುವುದು ಎರಡು ಗಂಟೆಯ ಆಸುಪಾಸು. ಚಿಕ್ಕ ಮಕ್ಕಳಿದ್ದರೆ, ಅಪ್ಪ ಅಮ್ಮ ಜೊತೆಗಿದ್ದರೆ, ಬೆನ್ನುನೋವಿದ್ದರೆ ಇದೇ ಸರಿ. ಈಚೆಗೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್ ದೋಣಿಗಳು ಬಂದಿವೆ. ತಿಮಿಂಗಿಲದ ಹತ್ತಿರ ಎಂಜಿನ್ ನಿಲ್ಲಿಸಿ ಸದ್ದಿಲ್ಲದೆ ಸಾಗುತ್ತವೆ. ದೊಡ್ಡ ದೋಣಿಯೇ ಆಗಬೇಕೆಂದರೆ ಅಂಥದ್ದನ್ನು ಹುಡುಕಿ.

ಎರಡನೆಯದು ಶೆರ್ವೊಯ್‌ನಿಂದಲೇ ಹೊರಡುವ ಚಿಕ್ಕ ದೋಣಿ. ನಾನು ಹೇಳುವುದು ಇದನ್ನೇ. ಸಾಮಾನ್ಯವಾಗಿ ಹನ್ನೆರಡು ಜನರ ಮಿತಿ. ಅದಕ್ಕಿಂತ ಜಾಸ್ತಿ ಪ್ರಯಾಣಿಕರನ್ನು ಹತ್ತಿಸಿದರೆ ನಾರ್ವೆಯಲ್ಲಿ ಅದು ಪ್ರಯಾಣಿಕ ಹಡಗಿನ ನಿಯಮಕ್ಕೆ ಬರುತ್ತದೆ. ಅದಕ್ಕೇ ಎಲ್ಲ ಕಡೆ ಈ ಹನ್ನೆರಡರ ಲೆಕ್ಕ ಕಾಣುವುದು. ಇದರಲ್ಲೂ ಎರಡು ಜಾತಿ. ಒಂದು ರಿಬ್: ಗಟ್ಟಿ ತಳ, ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆ, ಮೇಲೆ ಚಾವಣಿ ಇಲ್ಲ, ಕುದುರೆ ಏರಿದಂತೆ ಕಾಲು ಅಗಲಿಸಿ ಕೂರುವ ಸೀಟು. ವೇಗ ಜಾಸ್ತಿ, ಎಲ್ಲಿ ಬೇಕಾದರೂ ನುಗ್ಗುತ್ತದೆ, ಕಣ್ಣು ನೀರಿನ ಮಟ್ಟದಲ್ಲೇ ಇರುತ್ತದೆ. ಆದರೆ ಅಲೆಯಿದ್ದರೆ ಬೆನ್ನುಮೂಳೆಗೆ ಒಂದೊಂದು ಏಟೂ ಲೆಕ್ಕಕ್ಕೆ ಬರುತ್ತದೆ. ಗರ್ಭಿಣಿಯರನ್ನು, ಬೆನ್ನು ಅಥವಾ ಕುತ್ತಿಗೆಯ ತೊಂದರೆ ಇರುವವರನ್ನು ಹತ್ತಿಸುವುದಿಲ್ಲ. ಮಕ್ಕಳಿಗೂ ವಯಸ್ಸಿನ, ಎತ್ತರದ ಮಿತಿ ಇಟ್ಟಿರುತ್ತಾರೆ. ಇನ್ನೊಂದು, ಮುಚ್ಚಿದ ಕ್ಯಾಬಿನ್ ಇರುವ ಚಿಕ್ಕ ದೋಣಿ. ಸ್ವಲ್ಪ ನಿಧಾನ, ಆದರೆ ಚಳಿ ತಡೆಯಲಾರದೆ ಹೋದಾಗ ಒಳಗೆ ಹೋಗಿ ಹತ್ತು ನಿಮಿಷ ಕೈ ಬೆಚ್ಚಗೆ ಮಾಡಿಕೊಳ್ಳಬಹುದು. ಹಿಮದೂರಿಗೆ ಮೊದಲ ಸಲ ಬರುವವರಿಗೆ ಕ್ಯಾಬಿನ್ ದೋಣಿಯೇ ವಾಸಿ. ರಿಬ್‌ನ ಫೋಟೋ ಚೆನ್ನಾಗಿ ಕಾಣುತ್ತದೆ ನಿಜ. ಮೂರು ಗಂಟೆ ಕೂರಬೇಕಾದವರು ನೀವು ಅಲ್ವಾ?

ಮೂರನೆಯದು ನಾಲ್ಕೈದು ದಿನ, ಒಂದು ವಾರ ಹಡಗಿನಲ್ಲೇ ಮಲಗಿ ಏಳುವ ಪ್ರಯಾಣ. ಹಾಯಿ ದೋಣಿ ಅಥವಾ ಹಳೇ ಮೀನು ಹಡಗು, ಹತ್ತು ಹನ್ನೆರಡು ಜನ. ಹಿಂಡು ಕದಲಿದರೆ ಹಡಗೂ ಹಿಂದೆಯೇ ಹೋಗುತ್ತದೆ. ನೋಡುವುದಕ್ಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಖರ್ಚು ತಲಾ ಮೂರು ಲಕ್ಷ ರೂಪಾಯಿಯನ್ನು ಸುಲಭವಾಗಿ ದಾಟುತ್ತದೆ, ವಿಮಾನ ಬಿಟ್ಟು.

ಒಂದು ದಿನದ ಪ್ರಯಾಣಕ್ಕೆ, ದೊಡ್ಡದಿರಲಿ ಚಿಕ್ಕದಿರಲಿ, ತಲಾ ಸುಮಾರು 1,500ರಿಂದ 2,500 ಕ್ರೋನ್ (ನಾರ್ವೆಯ ಹಣ) ಇಟ್ಟುಕೊಳ್ಳಿ. ನೂರು ಕ್ರೋನ್‌ಗೆ ಸುಮಾರು ಒಂಬೈನೂರು ರೂಪಾಯಿ ಎಂದು ಲೆಕ್ಕ ಹಾಕಿದರೆ ತಪ್ಪಾಗದು.

ಹಣ ಕಟ್ಟುವ ಮೊದಲು ಇನ್ನೂ ಮೂರು ವಿಷಯ ಕೇಳಿ. ಹವಾಮಾನ ಕೆಟ್ಟು ರದ್ದಾದರೆ ಪೂರ್ತಿ ಹಣ ವಾಪಸ್ಸಾ, ಬೇರೆ ದಿನ ಕೊಡುತ್ತಾರಾ? ಸೂಟು, ಬೂಟು, ಕೈಗವಸು ಅವರೇ ಕೊಡುತ್ತಾರಾ? ತಿಮಿಂಗಿಲದ ಹತ್ತಿರ ದೋಣಿ ಹೇಗೆ ನಡೆಸುತ್ತಾರೆ? ಕೊನೆಯ ಪ್ರಶ್ನೆಗೆ ಬಂದ ಉತ್ತರ ನೋಡಿದರೆ ಅವರು ಎಂಥವರು ಅಂತ ಗೊತ್ತಾಗಿಬಿಡುತ್ತದೆ. ನಿಧಾನಕ್ಕೆ ಪಕ್ಕದಿಂದ ಹೋಗುತ್ತೇವೆ, ದಾರಿಗೆ ಅಡ್ಡ ಹೋಗುವುದಿಲ್ಲ, ಬೇರೆ ದೋಣಿಗಳು ಜಾಸ್ತಿಯಿದ್ದರೆ ದೂರ ಸರಿಯುತ್ತೇವೆ ಅಂದರೆ ಅವರ ಜೊತೆ ಹೋಗಿ.

ಎಷ್ಟು ದಿನ?

ಒಂದೇ ದಿನ ಇಟ್ಟುಕೊಂಡು ಹೋಗಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಡಿ. ಬಿರುಗಾಳಿ ಎದ್ದರೆ ಎರಡು ದಿನ ಒಂದೂ ದೋಣಿ ಹೊರಡದೇ ಇರಬಹುದು. ಶೆರ್ವೊಯ್‌ನಲ್ಲಿ ಮೂರು ರಾತ್ರಿ ಇದ್ದು ಮೊದಲ ಬೆಳಗಿಗೇ ದೋಣಿ ಬುಕ್ ಮಾಡಿ. ರದ್ದಾದರೆ ಎರಡನೇ ದಿನ ಇದೆ. ರದ್ದಾಗದಿದ್ದರೆ ಮತ್ತೊಮ್ಮೆ ಹೋಗುವ ಆಸೆ ನಿಮಗೇ ಬರುತ್ತದೆ. ಕ್ಯಾಮೆರಾಗೆ ಹೊಸ ಲೆನ್ಸ್ ಕೊಳ್ಳುವ ದುಡ್ಡಿದ್ದರೆ ಅದನ್ನು ಇನ್ನೊಂದು ದಿನದ ದೋಣಿಗೆ ಹಾಕಿ.

ಶೆರ್ವೊಯ್‌ನಲ್ಲಿ ಉಳಿಯುವ ಜಾಗ ಕಡಿಮೆ. ಬೇಸಿಗೆ ಮುಗಿಯುವ ಮೊದಲೇ ಹಿಡಿಯಬೇಕು. ಅಡುಗೆಮನೆ ಇರುವ ಕೊಠಡಿ ಅಥವಾ ಕ್ಯಾಬಿನ್ ಸಿಕ್ಕರೆ ಬಿಡಬೇಡಿ.

ವೀಸಾ, ಟಿಕೆಟ್, ಲಗೇಜು

ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ, ಆದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್‌ನಲ್ಲಿದೆ. ಹಾಗಾಗಿ ಷೆಂಗೆನ್ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಹೊರಡಲು ಹದಿನೈದು ದಿನ ಬಾಕಿ ಇರುವುದರೊಳಗೆ ಹಾಕಿರಲೇಬೇಕು. ನವೆಂಬರ್‌ಗೆ ಹೋಗುವವರು ಆಗಸ್ಟ್‌ನಲ್ಲೇ ಶುರುಮಾಡಿ. ಶುಲ್ಕ 2024ರಿಂದ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇರೆ ದೇಶಗಳನ್ನೂ ಸುತ್ತುವುದಾದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅದರ ವೀಸಾಕ್ಕೆ ಅರ್ಜಿ ಹಾಕಬೇಕು. ವಿಮೆ ಕೊಳ್ಳುವಾಗ ಕೊನೆಯ ಪುಟದ ಸಣ್ಣ ಅಕ್ಷರ ಓದಿ. ಸಮುದ್ರದ ದೋಣಿ ವಿಹಾರವನ್ನು "ಸಾಹಸ ಕ್ರೀಡೆ" ಎಂದು ಹೊರಗಿಟ್ಟಿದ್ದರೆ ಬೇರೆ ವಿಮೆ ನೋಡಿ.

ಬೆಂಗಳೂರಿನಿಂದ ಟ್ರೊಮ್ಸೊಗೆ ನೇರ ವಿಮಾನ ಇಲ್ಲ. ಎಲ್ಲಾದರೂ ಒಮ್ಮೆ ಬದಲಿಸಿ ಓಸ್ಲೋ, ಓಸ್ಲೋದಿಂದ ಎರಡು ಗಂಟೆಗೆ ಸ್ವಲ್ಪ ಕಡಿಮೆ ಟ್ರೊಮ್ಸೊ. ಓಸ್ಲೋದಲ್ಲಿ ಒಂದು ವಿಷಯ ಗಮನದಲ್ಲಿರಲಿ. ವಿದೇಶದಿಂದ ಬಂದು ಒಳನಾಡಿನ ವಿಮಾನ ಹತ್ತುವವರು ಸಾಮಾನ್ಯವಾಗಿ ಅಲ್ಲೇ ಲಗೇಜು ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಹಾಕಬೇಕು. ಕೆಲವು ವಿಮಾನಗಳಿಗೆ ವಿನಾಯ್ತಿ ಇದೆ, ಕೌಂಟರ್‌ನಲ್ಲಿ ಕೇಳಿಕೊಳ್ಳಿ. ನಡುವೆ ಎರಡು ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಂಡರೆ ಓಡಬೇಕಾಗುತ್ತದೆ. ಆ ಕಸ್ಟಮ್ಸ್‌ನಲ್ಲಿ ಭಾರತದಿಂದ ತಂದ ಹಾಲಿನ ಪದಾರ್ಥ ಮತ್ತು ಮಾಂಸಕ್ಕೆ ಅವಕಾಶವಿಲ್ಲ. ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಬಿಡಿ. ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ನಡೆಯುತ್ತದೆ.

ಟ್ರೊಮ್ಸೊದಿಂದ ಶೆರ್ವೊಯ್‌ಗೆ ರಸ್ತೆಯಲ್ಲಿ ಸುಮಾರು ನಾಲ್ಕು ಗಂಟೆ. ಬಸ್ಸಿದೆ. ಜನ ಸಾಗಿಸುವ ವೇಗದ ದೋಣಿ ಇದೆ. ನಾರ್ವೆಯ ದಡದುದ್ದಕ್ಕೂ ಓಡುವ ಹುರ್ಟಿಗ್ರೂಟೆನ್ ಹಡಗೂ ಉತ್ತರಕ್ಕೆ ಹೋಗುವಾಗ ಇಲ್ಲಿ ನಿಲ್ಲುತ್ತದೆ. ಸಂಜೆ ಟ್ರೊಮ್ಸೊದಲ್ಲಿ ಹತ್ತಿದರೆ ಸುಮಾರು ನಾಲ್ಕು ಗಂಟೆಯಲ್ಲಿ, ರಾತ್ರಿ ಹತ್ತರ ಮೇಲೆ ಇಳಿಸುತ್ತದೆ. ಡೆಕ್ ಮೇಲೆ ನಿಂತು ಆಕಾಶ ನೋಡುತ್ತ ಹೋಗಬಹುದು. ನನಗೆ ಇದೇ ಇಷ್ಟ. ಬಾಡಿಗೆ ಕಾರುಗಳಿಗೆ ಚಳಿಗಾಲದ ಟೈರ್ ಹಾಕಿಯೇ ಕೊಡುತ್ತಾರೆ, ಆದರೆ ಮಂಜುಗಡ್ಡೆಯ ರಸ್ತೆಯಲ್ಲಿ, ಕತ್ತಲೆಯಲ್ಲಿ, ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಅಲ್ಲಿಗೆ ಹೋಗಿ ಕಲಿಯುವುದು ಬೇಡ.

ಮೈಮೇಲೆ ಏನಿರಬೇಕು

ಉತ್ತರ ಧ್ರುವದ ಕಡೆ ಅಂದರೆ ಮೈನಸ್ ನಲವತ್ತು ಅಂತ ಹೆದರಬೇಡಿ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಈ ದಡಕ್ಕೆ ತಾಗುವುದರಿಂದ ಸಮುದ್ರ ಹೆಪ್ಪುಗಟ್ಟುವುದಿಲ್ಲ. ದಡದಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ ಮೈನಸ್ ಹತ್ತರೊಳಗೆ. ಕಾಡುವುದು ಗಾಳಿ. ಅದರ ಮೇಲೆ ಓಡುವ ದೋಣಿ, ಅದರ ಮೇಲೆ ಎರಚುವ ಉಪ್ಪುನೀರು.

ಮೈಗೆ ತಾಗುವ ಮೊದಲ ಪದರ ಉಣ್ಣೆಯದ್ದಿರಲಿ, ಮೆರಿನೊ ಆದರೆ ಒಳ್ಳೆಯದು. ಹತ್ತಿ ಬೇಡವೇ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ದೋಣಿ ನಿಂತ ಕೂಡಲೇ ಆ ಒದ್ದೆ ಮೈಯ ಬಿಸಿಯನ್ನು ಎಳೆಯುತ್ತದೆ. ಹತ್ತಿ ಒಳಉಡುಪಿಗೂ ಇದೇ ಮಾತು, ಜೀನ್ಸ್‌ಗಂತೂ ಹೇಳುವುದೇ ಬೇಡ. ಎರಡನೇ ಪದರ ದಪ್ಪ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಇದರ ಮೇಲೆ ಚಿಕ್ಕ ದೋಣಿಯವರು ಇಡೀ ಮೈ ಮುಚ್ಚುವ, ನೀರಿನಲ್ಲಿ ತೇಲಿಸುವ ಸೂಟ್ ಕೊಡುತ್ತಾರೆ. ಆ ಸೂಟ್ ಹಾಕಿಕೊಳ್ಳುವ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ. ರಿಬ್‌ನಲ್ಲಿ ಆ ಸೌಕರ್ಯ ಇಲ್ಲ, ಆ ಸೂಟ್ ಬಿಚ್ಚಿ ಹಾಕುವುದು ಚಲಿಸುವ ದೋಣಿಯಲ್ಲಿ ಆಗದ ಮಾತು.

ಕಾಲಿಗೆ ಉಣ್ಣೆಯ ಒಂದು ದಪ್ಪ ಕಾಲುಚೀಲ. ಎರಡು ಹಾಕಿ ಬೂಟು ಬಿಗಿಯಾದರೆ ರಕ್ತ ಓಡದೆ ಇನ್ನೂ ಬೇಗ ಮರಗಟ್ಟುತ್ತದೆ. ಬೂಟಿನಲ್ಲಿ ಬೆರಳಾಡಿಸಲು ಜಾಗ ಇರಲೇಬೇಕು. ಕೈಗೆ ಎರಡು ಪದರ: ಒಳಗೆ ತೆಳ್ಳನೆಯ ಉಣ್ಣೆ ಕೈಗವಸು, ಮೇಲೆ ಬೆರಳು ಒಟ್ಟಾಗಿರುವ ದಪ್ಪದ್ದು. ಫೋಟೋ ತೆಗೆಯುವಾಗ ಮೇಲಿನದು ಮಾತ್ರ ತೆಗೆಯಿರಿ. ತಲೆಗೆ ನಮ್ಮ ಮಂಕಿ ಕ್ಯಾಪ್ ಇಲ್ಲಿ ನಗೆಪಾಟಲಿನ ವಸ್ತು ಅಲ್ಲ. ಕಿವಿ, ಗಲ್ಲ, ಕುತ್ತಿಗೆ ಮೂರನ್ನೂ ಒಟ್ಟಿಗೆ ಮುಚ್ಚುವ ಬೇರೇನಾದರೂ ಅದಕ್ಕಿಂತ ಅಗ್ಗಕ್ಕೆ ಸಿಕ್ಕರೆ ಹೇಳಿ. ಊರಿನ ಒಳಗೆ ಓಡಾಡಲು ಬೂಟಿನ ತಳಕ್ಕೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಟ್ರೊಮ್ಸೊದ ಅಂಗಡಿಗಳಲ್ಲಿ ಸಿಗುತ್ತದೆ. ಬಂದರಿನ ದಾರಿ ಗಾಜಿನಂತೆ ಜಾರುತ್ತದೆ, ತಪ್ಪದೆ ಕೊಳ್ಳಿ.

ಹಿಂದಿನ ಸಂಜೆ

ನಾರ್ವೆಯ ಹವಾಮಾನ ತಾಣ ಯೂರ್ (yr.no) ತೆರೆದು ಗಾಳಿ ನೋಡಿ. ಅಲ್ಲಿ ಗಾಳಿಯ ಲೆಕ್ಕ ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಐದರೊಳಗಿದ್ದರೆ ಸುಖ. ಹತ್ತು ಎಂದರೆ ಗಂಟೆಗೆ 36 ಕಿಲೋಮೀಟರ್, ತೆರೆದ ನೀರಿನಲ್ಲಿ ಚಿಕ್ಕ ದೋಣಿ ಚೆನ್ನಾಗಿಯೇ ಕುಣಿಯುತ್ತದೆ. ಹೊರಡುವುದೋ ಬೇಡವೋ ಎನ್ನುವುದು ನಾವಿಕನ ತೀರ್ಮಾನ. ಅವರು ಬೇಡ ಅಂದಾಗ ವಾದ ಮಾಡಬೇಡಿ.

ಹೊಟ್ಟೆ ತೊಳಸುವವರು ಗುಳಿಗೆಯನ್ನು ದೋಣಿ ಹತ್ತಿದ ಮೇಲಲ್ಲ, ಕನಿಷ್ಠ ಒಂದು ಗಂಟೆ ಮೊದಲು ನುಂಗಬೇಕು. ನಿಮ್ಮ ವೈದ್ಯರನ್ನು ಕೇಳಿ ಊರಿನಿಂದಲೇ ತನ್ನಿ. ಕೆಲವಕ್ಕೆ ನಿದ್ದೆ ಬರುತ್ತದೆ, ಹಾಗಾಗಿ ಘಾಟಿ ರಸ್ತೆಯ ಬಸ್ ಪ್ರಯಾಣದಲ್ಲಿ ಒಮ್ಮೆ ಪರೀಕ್ಷಿಸಿ ನೋಡಿಕೊಳ್ಳುವುದು ಒಳ್ಳೆಯದು. ಖಾಲಿ ಹೊಟ್ಟೆಯೂ ಬೇಡ, ಭರ್ಜರಿ ತಿಂಡಿಯೂ ಬೇಡ. ನಾಲ್ಕು ತುತ್ತು ಉಪ್ಪಿಟ್ಟು, ಜೇಬಿನಲ್ಲಿ ಒಣಶುಂಠಿ ಅಥವಾ ಶುಂಠಿ ಮಿಠಾಯಿ.

ದೋಣಿಯಲ್ಲಿ ಸೂಪು ಕೊಡುತ್ತಾರಾದರೆ ಅದು ಮೀನಿನದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಿ. ಊರಿನಲ್ಲಿ ಹೋಟೆಲ್ ಊಟ ದುಬಾರಿ. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ಸಿಗುತ್ತದೆ. ಅಡುಗೆಮನೆ ಇರುವ ಕೊಠಡಿ ಹಿಡಿಯಿರಿ ಅಂದದ್ದು ಇದಕ್ಕೇ. ಥರ್ಮಾಸ್ ತುಂಬ ಬಿಸಿ ಚಹಾ ಮಾತ್ರ ಮರೆಯಬೇಡಿ.

ನೀರಿನ ಮೇಲೆ

ದೋಣಿ ಹೊರಟ ಮೇಲೆ ಮೊಬೈಲ್ ಒಳಗಿಡಿ, ದಿಗಂತ ನೋಡಿ. ಹೊಟ್ಟೆಗೂ ಒಳ್ಳೆಯದು, ಹುಡುಕುವುದಕ್ಕೂ ಒಳ್ಳೆಯದು. ತಿಮಿಂಗಿಲವನ್ನೇ ಹುಡುಕಬೇಡಿ, ಅದರ ಗುರುತುಗಳನ್ನು ಹುಡುಕಿ. ಮೊದಲು ಹಕ್ಕಿ. ಒಂದೇ ಜಾಗದ ಮೇಲೆ ಸೀಗಲ್‌ಗಳು ಸುತ್ತುತ್ತ ಧುಮುಕುತ್ತಿದ್ದರೆ ಕೆಳಗೆ ಮೀನಿದೆ. ಬಿಳಿಬಾಲದ ಹದ್ದೂ ಬಂದಿದ್ದರೆ ಊಟ ಜೋರಾಗಿಯೇ ನಡೆಯುತ್ತಿದೆ. ಮಲ್ಪೆಯ ಮೀನುಗಾರರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆಮೇಲೆ ಉಸಿರು. ಹಂಪ್‌ಬ್ಯಾಕ್‌ನ ಉಸಿರಿನ ಆವಿ ಗಿಡ್ಡಗೆ ಪೊದೆಯಂತೆ ಹರಡುತ್ತದೆ, ಫಿನ್ ತಿಮಿಂಗಿಲದ್ದು ಎತ್ತರಕ್ಕೆ ಕಂಬದಂತೆ ಏಳುತ್ತದೆ. ತಂಪು ಗಾಳಿಯಲ್ಲಿ ಆ ಆವಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ದೂರದಿಂದಲೂ ಕಾಣುತ್ತದೆ. ಹತ್ತಿರ ಬಂದರೆ ಮೊದಲು ಕೇಳುವುದು ಸದ್ದು, ಲಾರಿಯ ಏರ್ ಬ್ರೇಕ್ ಬಿಟ್ಟಂಥ ಉಸಿರು. ಗಾಳಿ ನಿಮ್ಮ ಕಡೆಗಿದ್ದರೆ ಮರುಕ್ಷಣವೇ ಕೊಳೆತ ಮೀನಿನ ವಾಸನೆ.

ಓರ್ಕಾವನ್ನು ಗುರುತಿಸುವುದು ಬೆನ್ನಿನ ರೆಕ್ಕೆಯಿಂದ. ಗಂಡಿನದ್ದು ನೆಟ್ಟಗೆ, 1.8 ಮೀಟರ್‌ವರೆಗೆ ಬೆಳೆಯುತ್ತದೆ. ಹೆಣ್ಣು ಮತ್ತು ಮರಿಗಳದ್ದು ಗಿಡ್ಡ, ಹಿಂದಕ್ಕೆ ಬಾಗಿದ್ದು. ತಿಮಿಂಗಿಲ ಅಂತ ಕರೆದರೂ ಅದು ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಪ್ರಾಣಿ. ತಾಯಿಯ ಸುತ್ತ ಕಟ್ಟಿದ ಸಂಸಾರವಾಗಿ ತಿರುಗುತ್ತದೆ.

ಓರ್ಕಾಗಳು ಹೆರಿಂಗ್ ಬೇಟೆಯಾಡುವ ಕ್ರಮ ನೋಡಲು ಸಿಕ್ಕರೆ ಕ್ಯಾಮೆರಾ ಬಿಟ್ಟು ಸುಮ್ನೆ ನೋಡಿ. ಹಲವು ಓರ್ಕಾಗಳು ಹಿಂಡಿನ ಕೆಳಗೆ, ಸುತ್ತ ಸುತ್ತುತ್ತವೆ. ಬಿಳಿ ಹೊಟ್ಟೆ ತೋರಿಸಿ ಹೆದರಿಸುತ್ತವೆ, ಗುಳ್ಳೆ ಬಿಡುತ್ತವೆ. ಹೆರಿಂಗ್‌ಗಳು ಹೆದರಿ ಒಂದಕ್ಕೊಂದು ಅಂಟಿಕೊಂಡು ಚೆಂಡಾಗುತ್ತವೆ, ಮೇಲ್ಮೈಗೆ ಏರುತ್ತವೆ. ಆಗ ಒಂದು ಓರ್ಕಾ ತಿರುಗಿ ಬಾಲದಿಂದ ಆ ಚೆಂಡಿನ ಅಂಚಿಗೆ ಬಾರಿಸುತ್ತದೆ. ಏಟಿಗೆ ಮಂಕಾದ ಮೀನುಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತವೆ. ಮೇಲಿನಿಂದ ನಿಮಗೆ ಕಾಣುವುದು ಕುದಿಯುವಂಥ ನೀರು, ತೇಲಿಬರುವ ಬೆಳ್ಳಿ ಚೂರಿನಂಥ ಹುರುಪೆಗಳು, ಅಡ್ಡಾದಿಡ್ಡಿ ರೆಕ್ಕೆಗಳು. ಇಷ್ಟು ಕಷ್ಟಪಟ್ಟು ಕಟ್ಟಿದ ಚೆಂಡಿನ ನಡುವೆ ಮೂವತ್ತು ಟನ್ನಿನ ಹಂಪ್‌ಬ್ಯಾಕ್ ಒಂದು ಕೆಳಗಿನಿಂದ ಬಾಯಿ ತೆರೆದು ನುಗ್ಗಿ ಒಂದೇ ಸಲಕ್ಕೆ ಬಾಚಿಬಿಡುವುದೂ ಉಂಟು. ದುಡಿದವರೊಬ್ಬರು, ಉಂಡವರೊಬ್ಬರು.

ಮೀನು ಹಿಡಿಯುವ ದೊಡ್ಡ ಹಡಗು ಬಲೆ ಎಳೆಯುವಲ್ಲಿಗೂ ತಿಮಿಂಗಿಲಗಳು ಬರುತ್ತವೆ, ಆ ಸದ್ದು ಅವಕ್ಕೆ ಊಟದ ಗಂಟೆ. ಆದರೆ ಅಲ್ಲಿಗೆ ಹೋಗಿ ಅಂತ ನಾವಿಕನನ್ನು ಪೀಡಿಸಬೇಡಿ. ಮೀನು ಹಿಡಿಯುತ್ತಿರುವ ಹಡಗಿನಿಂದ 370 ಮೀಟರ್ ದೂರ ಇರಬೇಕೆಂಬ ನಿಯಮ ಇದೆ. ಇದು ಅವರ ಹೊಟ್ಟೆಪಾಡಿನ ಜಾಗ, ನಾವು ನೋಡಲು ಬಂದವರು.

ದೋಣಿಯಲ್ಲಿ ಎಲ್ಲರೂ ಒಂದೇ ಬದಿಗೆ ಓಡಬೇಡಿ. ಕೂಗಾಟ, ಸೀಟಿ, ಡ್ರೋನ್ ಬೇಡ. ತಿಮಿಂಗಿಲ ತಾನಾಗಿ ಹತ್ತಿರ ಬಂದರೆ ಬರಲಿ. ಹತ್ತು ದೋಣಿ ಸುತ್ತುಗಟ್ಟಿದ ಜಾಗಕ್ಕಿಂತ ಒಂದೇ ಹಂಪ್‌ಬ್ಯಾಕ್ ಇರುವ ಖಾಲಿ ನೀರು ಮೇಲು. ಹಾಗೆ ದೂರ ಹೋಗೋಣ ಅಂತ ನಿಮ್ಮ ನಾವಿಕ ಅಂದರೆ ನೀವೂ ಹೂಂ ಅನ್ನಿ.

ಕ್ಯಾಮೆರಾ ಇರುವವರಿಗೆ

ಬೆಳಕು ಕಡಿಮೆ, ದೋಣಿ ಅಲುಗಾಡುತ್ತದೆ, ಪ್ರಾಣಿ ಓಡುತ್ತದೆ. ಹಾಗಾಗಿ ಶಟರ್ ವೇಗ 1/1000 ಸುತ್ತ ಇಟ್ಟು, ಐಎಸ್‌ಒ 3200 ಅಥವಾ 6400ಕ್ಕೆ ಏರಿಸಿ. ಚಿತ್ರ ಸ್ವಲ್ಪ ಮರಳುಮರಳಾದರೂ ಮಸುಕಾಗುವುದಕ್ಕಿಂತ ವಾಸಿ. 70-200ರ ಲೆನ್ಸ್ ಚಿಕ್ಕ ದೋಣಿಗೆ ಸಾಕು. ದೋಣಿಯಲ್ಲಿ ಲೆನ್ಸ್ ಬದಲಿಸುವ ಯೋಚನೆ ಬಿಡಿ, ಉಪ್ಪುನೀರು ಒಳಗೆ ಹೋದರೆ ಮುಗಿಯಿತು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ಎರಡನೆಯದನ್ನು ಒಳಪದರದ ಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ವಾಪಸ್ ಬಂದಾಗ ಬಿಸಿ ಕೊಠಡಿಯೊಳಗೆ ಹೋಗುವ ಮೊದಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಕೋಣೆಯ ಬಿಸಿಗೆ ಹೊಂದಿಕೊಳ್ಳುವವರೆಗೆ ತೆರೆಯಬೇಡಿ. ಇಲ್ಲದಿದ್ದರೆ ಒಳಗೆಲ್ಲ ನೀರಿನ ಹನಿ ಕೂರುತ್ತದೆ. ಮೊಬೈಲ್ ಮಾತ್ರ ಇರುವವರು ಜೂಮ್ ಮಾಡದೆ ವಿಡಿಯೋ ಮಾಡಿ.

ನೀರಿಗೆ ಇಳಿಯಬೇಕಾ?

ಮೈಗೆ ನೀರು ತಾಗದ ಡ್ರೈಸೂಟ್ ತೊಡಿಸಿ ಓರ್ಕಾಗಳ ನಡುವೆ ಈಜಲು ಬಿಡುವವರಿದ್ದಾರೆ. ಇಲ್ಲಿ ಕಾಡು ಓರ್ಕಾ ಮನುಷ್ಯರನ್ನು ತಿನ್ನುವುದಿಲ್ಲ, ಆ ಭಯ ಬೇಡ. ನನಗೆ ಇಷ್ಟವಾಗದಿರುವುದು ಬೇರೆ ಕಾರಣಕ್ಕೆ. ಹಿಂಡಿನ ದಾರಿಗೆ ಅಡ್ಡವಾಗಿ ಜನರನ್ನು ಇಳಿಸಿ, ಅದು ದಾಟಿದ ಮೇಲೆ ಎತ್ತಿಕೊಂಡು, ಮತ್ತೆ ಮುಂದೆ ಹೋಗಿ ಇಳಿಸುವ ಆಟ ನಡೆಯುತ್ತದೆ. ಚಳಿಗಾಲದ ಕೊಬ್ಬು ಕಟ್ಟಿಕೊಳ್ಳಲು ಬಂದ ಪ್ರಾಣಿಗೆ ಇದು ಕಿರುಕುಳವೇ. ಮೇಲಾಗಿ ಮುಖಕ್ಕೆ ತಾಗುವ ನೀರು ಐದಾರು ಡಿಗ್ರಿ. ತಣ್ಣೀರಿನಲ್ಲಿ ಸ್ನಾರ್ಕೆಲ್ (ಉಸಿರಿನ ಕೊಳವೆ ಕಚ್ಚಿಕೊಂಡು ಈಜುವುದು) ಮಾಡಿ ಅಭ್ಯಾಸ ಇಲ್ಲದವರು ದೋಣಿಯಲ್ಲೇ ಇರಿ.

ಹೆರಿಂಗ್ ಕೈಕೊಟ್ಟರೆ

ನೀವು ಹೊರಡುವ ಒಂದು ವಾರ ಮೊದಲೇ ಹಿಂಡು ದೂರ ಹೋದ ಸುದ್ದಿ ಬಂದರೆ ಇನ್ನೊಂದು ದಾರಿ ಇದೆ: ಆಂಡೆನೆಸ್. ವೆಸ್ಟರೋಲೆನ್ ದ್ವೀಪಗಳ ಉತ್ತರದ ತುದಿ. ಇಲ್ಲಿ ದಡದ ಹತ್ತಿರವೇ ಸಮುದ್ರದ ತಳ ಆಳವಾದ ಕಣಿವೆಗೆ ಇಳಿಯುತ್ತದೆ. ಆ ಕಣಿವೆಯಲ್ಲಿ ಸ್ಕ್ವಿಡ್ ತಿನ್ನುವ ಸ್ಪರ್ಮ್ ತಿಮಿಂಗಿಲದ ಗಂಡುಗಳು ವರ್ಷವಿಡೀ ಇರುತ್ತವೆ. ಹೆರಿಂಗ್ ಜೊತೆ ಅವಕ್ಕೆ ಲೆಕ್ಕಾಚಾರವಿಲ್ಲ. ತೆರೆದ ಸಮುದ್ರವಾದ್ದರಿಂದ ಚಳಿಗಾಲದಲ್ಲಿ ದೋಣಿ ರದ್ದಾಗುವುದು ಶೆರ್ವೊಯ್‌ಗಿಂತ ಜಾಸ್ತಿ, ಅಷ್ಟು ತಿಳಿದು ಹೋಗಿ.

ತಿಮಿಂಗಿಲ ಸಿಕ್ಕವರಿಗೆ ಇನ್ನೊಂದು ಕೆಲಸ ಬಾಕಿ ಇದೆ. ಹಂಪ್‌ಬ್ಯಾಕ್ ಆಳಕ್ಕೆ ಮುಳುಗುವಾಗ ಬಾಲ ಎತ್ತುತ್ತದೆ. ಬಾಲದ ಅಡಿಭಾಗದ ಕಪ್ಪುಬಿಳುಪು ಗುರುತು ಒಂದೊಂದಕ್ಕೆ ಒಂದೊಂದು ಥರ, ನಮ್ಮ ಬೆರಳಚ್ಚಿನ ಹಾಗೆ. ಆ ಫೋಟೋವನ್ನು, ಫೋಟೋ ನೋಡಿ ತಿಮಿಂಗಿಲ ಗುರುತಿಸುವ ಹ್ಯಾಪಿವೇಲ್ ತಾಣಕ್ಕೆ ದಿನಾಂಕ, ಜಾಗದ ಜೊತೆ ಹಾಕಿ. ಓರ್ಕಾದ ಬೆನ್ನ ರೆಕ್ಕೆಯ ಫೋಟೋ ಇದ್ದರೆ ಆಂಡೆನೆಸ್‌ನ ನಾರ್ವೇಜಿಯನ್ ಓರ್ಕಾ ಸರ್ವೆ ಎಂಬ ಸಂಶೋಧನಾ ಸಂಸ್ಥೆಗೆ ಕಳಿಸಬಹುದು. ಹ್ಯಾಪಿವೇಲ್‌ನಲ್ಲಿ ನಿಮ್ಮ ತಿಮಿಂಗಿಲ ಮೊದಲೇ ದಾಖಲಾಗಿದ್ದರೆ ಅದನ್ನು ಹಿಂದೆ ಎಲ್ಲಿ, ಯಾವಾಗ ನೋಡಿದ್ದರು ಅಂತ ತಿಳಿಸುತ್ತಾರೆ. ಮುಂದೆ ಬೇರೆ ಯಾರಾದರೂ ಅದನ್ನೇ ಕಂಡು ಫೋಟೋ ಹಾಕಿದರೆ ನಿಮಗೂ ಮೇಲ್ ಬರುತ್ತದೆ. ಅದಕ್ಕೆ ಖರ್ಚಿಲ್ಲ.